ಮೂರು ತಿಂಗಳು ಬಳಸಿದ ಅಯೋಡಿನ್ ಟೆಸ್ಟ್ ಕಿಟ್

ನಮ್ಮದು ಕಾರವಾರದ ಕೋಡಿಬಾಗ. ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ. ಮೆದು ಹವಳ, ಎರಡು ಸೀಗಡಿ. ಮೊದಲು ಬಾಟಲಿಯ ಮೇಲೆ ಬರೆದಷ್ಟು ಅಯೋಡಿನ್ ಹನಿಯನ್ನು ಅಳೆಯದೇ ದಿನಾ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಸೀಗಡಿಯೊಂದು ಪೊರೆ ಅರ್ಧ ಕಳಚಿ ಕಲ್ಲಿನ ಸಂದಿಯಲ್ಲಿ ಸತ್ತುಬಿದ್ದಿತ್ತು. ಅಯೋಡಿನ್ನೇ ಕಾರಣ ಎನ್ನಲಾರೆ, ಆದರೆ ಅಂದೇ ನೀರಿನಲ್ಲಿನ ಅಯೋಡಿನ್ ಅಳೆಯುವ ಈ ಕಿಟ್ ತರಿಸಿದೆ.

ಸಮುದ್ರದ ನೀರಲ್ಲಿ ಅಯೋಡಿನ್ ಲೀಟರಿಗೆ ಸುಮಾರು 0.06 ಮಿಲಿಗ್ರಾಂ ಮಾತ್ರ. ಅಷ್ಟು ಸಣ್ಣ ಅಂಶವನ್ನು ಬಣ್ಣ ನೋಡಿ ಹೇಳಬೇಕು, ಕಷ್ಟ ಅಲ್ಲೇ. ಟ್ಯೂಬ್‌ಲೈಟಿನಡಿ 0.03 ಯಾವುದು, 0.06 ಯಾವುದು ಗೊತ್ತಾಗದು. ಜಗಲಿಗೆ ತಂದು, ಬಿಳಿ ಹಾಳೆಯ ಮೇಲಿಟ್ಟು, ಹಗಲ ಬೆಳಕಲ್ಲಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಪ್ರತಿ ಸಲ ಎರಡು ಬಾರಿ ಅಳೆಯುತ್ತೇನೆ.

ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಸೇರಿ ಅಳಿವೆಯ ಉಪ್ಪು ಇಳಿಯುವುದರಿಂದ ನಾನು ಅಕ್ವೇರಿಯಂಗೆಂದೇ ಸಿಗುವ ಪ್ಯಾಕೆಟ್ ಸಮುದ್ರ ಉಪ್ಪು ಕರಗಿಸಿದ ನೀರೇ ಬಳಸುವುದು. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ಅಯೋಡಿನ್ ಅದರಲ್ಲೇ ಬರುತ್ತದೆ. ಹನಿ ನಿಲ್ಲಿಸಿದ್ದೇನೆ, ಉಳಿದ ಸೀಗಡಿ ಆಮೇಲೆ ಮೂರು ಸಲ ಪೊರೆ ಬಿಟ್ಟಿದೆ.

ಕಿಟ್ಟಿಗೆ ಐದಕ್ಕೆ ನಾಲ್ಕು. ಬಣ್ಣದ ಚೀಟಿ ಇನ್ನಷ್ಟು ಸ್ಪಷ್ಟವಾಗಿರಬೇಕಿತ್ತು.