ಹನ್ನೊಂದು ತಿಂಗಳಲ್ಲಿ ಮೂರು ವಾಟರ್ ಪಂಪ್: ಯಾವುದು ಉಳಿಯಿತು, ಯಾವುದು ಕೈಕೊಟ್ಟಿತು

ನನ್ನದು 2014ರ ಡೀಸೆಲ್ ಹ್ಯಾಚ್‌ಬ್ಯಾಕ್. ಊರು ಹಾಸನ. ಕಾರಿನ ಕಂಪನಿ ಹೆಸರು ಬೇಡ ಬಿಡಿ, ಇಂಜಿನ್ ತಣ್ಣಗಿಡುವ ನೀರು, ಅಂದರೆ ಕೂಲಂಟ್, ಸೋರುವ ಈ ಕಾಯಿಲೆ ಯಾವ ಕಂಪನಿಯ ಕಾರಿಗಾದರೂ ಬರುತ್ತದೆ. 2022ರ ಮೇ ತಿಂಗಳಿಂದ 2023ರ ಏಪ್ರಿಲ್ ಒಳಗೆ ಇದಕ್ಕೆ ಆ ನೀರನ್ನು ಸುತ್ತಿಸುವ ಮೂರು ವಾಟರ್ ಪಂಪ್ ಹಾಕಿಸಿದ್ದೇನೆ: ಒಂದು ಲೋಕಲ್, ಒಂದು ಗುಜರಿಯದು, ಒಂದು ಒಳ್ಳೆಯದು. ಅದಕ್ಕೂ ಮುಂಚೆ ಸೋರಿಕೆ ನಿಲ್ಲಿಸಲು ಮಾಡಬಾರದ್ದನ್ನೆಲ್ಲ ಮಾಡಿ ಆಗಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಕೂಲಂಟ್ ಡಬ್ಬಿ ಕಮ್ಮಿ ಆಯ್ತಾ, ನೀರು ಹಾಕು. ಹದಿನೈದು ದಿನಕ್ಕೊಮ್ಮೆ ಅರ್ಧ ಲೀಟರ್. ನೆಲದ ಮೇಲೆ ಒಂದು ಹನಿಯೂ ಕಾಣುತ್ತಿರಲಿಲ್ಲ, ಹಾಗಾಗಿ "ಆವಿಯಾಗಿ ಹೋಗ್ತಿರಬೇಕು" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಚ್ಚಿದ ವ್ಯವಸ್ಥೆಯಲ್ಲಿ ನೀರು ಹಾಗೆ ಸುಮ್ನೆ ಆವಿಯಾಗಿ ಹೋಗುವುದಿಲ್ಲ, ಎಲ್ಲೋ ದಾರಿ ಇದ್ದೇ ಇರುತ್ತದೆ. ಇದರಲ್ಲಿ ಇನ್ನೊಂದು ದಡ್ಡತನ ಅಂದರೆ ನಾನು ಹಾಕುತ್ತಿದ್ದದ್ದು ಮನೆಯ ಬೋರ್‌ವೆಲ್ ನೀರು. ನಮ್ಮ ಗೀಸರ್‌ ಕಾಯಿಲ್ ಮೇಲೆ ಎರಡು ವರ್ಷಕ್ಕೆ ಸುಣ್ಣದ ಬಿಳಿ ಚಿಪ್ಪು ಕಟ್ಟುತ್ತದೆ. ಅದೇ ನೀರನ್ನು ರೇಡಿಯೇಟರ್‌ನ ಸಣ್ಣ ಸಣ್ಣ ನಾಳಗಳಿಗೆ ಸುರಿಯುತ್ತಿದ್ದೆ ಅನ್ನುವುದು ಹೊಳೆಯಲೇ ಇಲ್ಲ.

ಎರಡನೆಯದು ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿ. ಮುನ್ನೂರು ಚಿಲ್ಲರೆ ರೂಪಾಯಿ. ಇದಕ್ಕೂ ಮುಂಚೆ ಪಕ್ಕದ ಮನೆಯ ಮಾವ, ಹಿಂದೆ ಲಾರಿ ಓಡಿಸಿದವರು, "ಒಂದು ಹಿಡಿ ಅರಿಶಿನ ಪುಡಿ ಹಾಕಮ್ಮ, ನಿಲ್ಲುತ್ತೆ" ಅಂದಿದ್ದರು. ಹಾಕಿದೆ. ನಗಬೇಡಿ, ಹಳೆಯ ಲಾರಿಗಳ ದಪ್ಪ ಹಿತ್ತಾಳೆ ರೇಡಿಯೇಟರ್‌ನಲ್ಲಿ ಸೂಜಿ ಮೊನೆಯಷ್ಟು ತೂತು ಇದ್ದರೆ ಅರಿಶಿನ ಹೋಗಿ ಅಲ್ಲಿ ಕೂತು, ಊರು ಸೇರುವ ತನಕ ಕಾಪಾಡುತ್ತಿತ್ತು. ಬಾಟಲಿ ಔಷಧಿಯ ತತ್ವವೂ ಹೆಚ್ಚುಕಮ್ಮಿ ಅದೇ. ಆದರೆ ನನ್ನ ಸೋರಿಕೆ ರೇಡಿಯೇಟರ್‌ನಲ್ಲಿ ಇರಲಿಲ್ಲ. ಸೋರುತ್ತಿದ್ದದ್ದು ಪಂಪ್‌ನಿಂದ ನೀರು ಆಚೆ ಬರದಂತೆ ತಡೆಯುವ ಸೀಲ್. ಅದು ತಿರುಗುವ ಜಾಗ, ತಿರುಗುವ ಜಾಗದಲ್ಲಿ ಯಾವ ಪುಡಿ ತಾನೇ ನಿಲ್ಲುತ್ತದೆ? ಮೂರು ವಾರ ಕಮ್ಮಿ ಆದಂತೆ ಕಂಡಿತು, ಆಮೇಲೆ ಮತ್ತೆ ಶುರು. ಲಾಭಕ್ಕೆ, ಆ ನೀರಿನ ಬಿಸಿಯಿಂದಲೇ ಕಾರಿನೊಳಗೆ ಬಿಸಿ ಗಾಳಿ ಕೊಡುವ ಹೀಟರ್ ಅರ್ಧ ಕಟ್ಟಿಕೊಂಡಿತು. ಬೋರ್‌ವೆಲ್ ನೀರು, ಅರಿಶಿನ, ಔಷಧಿ ಮೂರೂ ಸೇರಿ ಮಾಡಿದ ಕೆಲಸ ಅದು, ಯಾವುದರ ಪಾಲು ಎಷ್ಟು ಅಂತ ಹೇಳಲಾರೆ.

ಹೀಟರ್ ಎಷ್ಟು ಮುಖ್ಯ ಅಂತ ಗೊತ್ತಾದದ್ದು 2022ರ ಮೇ ತಿಂಗಳಲ್ಲಿ, ಶಿರಾಡಿ ಘಾಟಿಯಲ್ಲಿ. ಧರ್ಮಸ್ಥಳದಿಂದ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಏರು ಶುರುವಾಯಿತು, ಮುಂದೆ ಸಾಲಾಗಿ ಗ್ಯಾಸ್ ಟ್ಯಾಂಕರ್‌ಗಳು, ಎರಡನೇ ಗೇರ್ ಬಿಟ್ಟು ಮೇಲೆ ಹೋಗುವ ಹಾಗೇ ಇಲ್ಲ. ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೆ ಹೋಯಿತು. ಎಸಿ ಆಫ್ ಮಾಡಿ ಹೀಟರ್ ಫುಲ್ ಇಟ್ಟೆ. ಇಂಜಿನ್ ಬಿಸಿಯನ್ನು ಸ್ವಲ್ಪವಾದರೂ ಒಳಗೆ ಎಳೆದುಕೊಳ್ಳಲಿ ಅಂತ. ಬಂದದ್ದು ಬೆಚ್ಚಗಿನ ಗಾಳಿ ಅಷ್ಟೇ. ಆಮೇಲೆ ಇನ್ನೊಂದು ವಿಚಿತ್ರ ನಡೆಯಿತು. ಮೇಲೆ ಹೋಗಿದ್ದ ಮುಳ್ಳು ತಾನಾಗಿಯೇ ಕೆಳಗೆ ಇಳಿಯಿತು. ನನ್ನ ತಮ್ಮ "ಅಬ್ಬ, ತಣ್ಣಗಾಯ್ತು ಅಕ್ಕ" ಅಂದ. ಆಗಿದ್ದೇ ಬೇರೆ. ಸೆನ್ಸರ್ ಇರುವ ಜಾಗದಲ್ಲಿ ನೀರೇ ಇರಲಿಲ್ಲ, ಬರೀ ಗಾಳಿ. ನೀರು ಖಾಲಿಯಾದಾಗ ಮುಳ್ಳು ಸುಳ್ಳು ಹೇಳಬಹುದು, ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಪಕ್ಕಕ್ಕೆ ಹಾಕಿ ಮುಕ್ಕಾಲು ಗಂಟೆ ಬಾನೆಟ್ ಎತ್ತಿ ನಿಂತೆವು. ಬಿಸಿ ಇದ್ದಾಗ ಕೂಲಂಟ್ ಮುಚ್ಚಳ ತೆಗೆಯಲಿಲ್ಲ, ಆ ದಿನ ಮಾಡಿದ ಒಂದೇ ಜಾಣತನ ಅದು.

ಹಾಸನದಲ್ಲಿ ಮೆಕ್ಯಾನಿಕ್ ಟಾರ್ಚ್ ಬಿಟ್ಟು ಕೆಳಗಿನಿಂದ ತೋರಿಸಿದರು. ಪಂಪ್‌ನ ಹೊಟ್ಟೆಯ ಕೆಳಗೆ ಪೆನ್ಸಿಲ್ ತುದಿಯಷ್ಟು ಒಂದು ತೂತು. ಅದರಿಂದ ಕೆಳಗೆ ಗುಲಾಬಿ ಬಣ್ಣದ ಒಣಗಿದ ಪಟ್ಟಿ, ಗೋಡೆಯ ಮೇಲೆ ಉಪ್ಪು ಬಿಟ್ಟ ಹಾಗೆ. "ಈ ತೂತು ಕಂಪನಿಯವರೇ ಬಿಟ್ಟಿರೋದು ಮೇಡಂ, ಒಳಗಿನ ಸೀಲ್ ಹೋದರೆ ಬೇರಿಂಗ್‌ಗೆ ನೀರು ಹೋಗದೆ ಇಲ್ಲಿಂದ ಆಚೆ ಬರಲಿ ಅಂತ" ಅಂದರು. ಬಿಸಿ ಇಂಜಿನ್ ಮೇಲೆ ಹನಿ ಬೀಳುವಷ್ಟರಲ್ಲೇ ಒಣಗಿಹೋಗುತ್ತಿತ್ತು, ಅದಕ್ಕೇ ನೆಲದ ಮೇಲೆ ಕಾಣಲಿಲ್ಲ. ಪುಣ್ಯಕ್ಕೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್‌ನ ಮೇಲಿನ ಭಾಗವಾದ ಹೆಡ್‌ನ ಕೆಳಗಿನ ಪ್ಯಾಕಿಂಗ್, ಹೋಗಿರಲಿಲ್ಲ. ಆಯಿಲ್ ಹಾಲು ಬೆರೆಸಿದ ಕಾಫಿ ಥರ ಆಗಿರಲಿಲ್ಲ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆಯೂ ಇರಲಿಲ್ಲ.

ಈಗ ಪಂಪ್‌ಗಳ ಕಥೆ. ನನ್ನ ಕಾರಿನಲ್ಲಿ ಪಂಪ್ ತಿರುಗುವುದು ಇಂಜಿನ್‌ನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್‌ನಿಂದ, ಅಂದರೆ ಪಂಪ್ ಮುಟ್ಟಬೇಕಾದರೆ ಬೆಲ್ಟ್ ಬಿಚ್ಚಲೇಬೇಕು. ಪ್ರತಿ ಸಲ ಲೇಬರ್ 2,800 ರೂಪಾಯಿ, ಕೂಲಂಟ್ 700. ಪಂಪ್ ಐನೂರರದ್ದಾಗಲಿ ಐದು ಸಾವಿರದ್ದಾಗಲಿ, ಈ ದುಡ್ಡು ಒಂದೇ. ನನಗೆ ಇದು ತಲೆಗೆ ಹೋಗಲು ಎರಡು ಪಂಪ್ ಬೇಕಾಯಿತು.

ಮೊದಲನೆಯದು ಲೋಕಲ್ ಪಂಪ್, 900 ರೂಪಾಯಿ. ನೋಡಲು ಹೊಳೆಯುತ್ತಿತ್ತು. ಒಳಗಿನ ಫ್ಯಾನ್ ತಗಡನ್ನು ಒತ್ತಿ ಮಾಡಿದ್ದು, ಹಳೆಯದರಲ್ಲಿದ್ದದ್ದು ಗಟ್ಟಿ ಎರಕದ್ದು. ಕೂರುವ ಮುಖ ಅಷ್ಟು ಸಮ ಇರಲಿಲ್ಲ, ಮೆಕ್ಯಾನಿಕ್ ಪ್ಯಾಕಿಂಗ್ ಜೊತೆಗೆ ಪೇಸ್ಟ್ ಕೂಡ ಜಾಸ್ತಿ ಬಳಿದರು. ಏಳು ತಿಂಗಳು, ಸುಮಾರು 9,000 ಕಿಲೋಮೀಟರ್ ಬಂತು. ಡಿಸೆಂಬರ್‌ನಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಒಣ ಕೀಲಿನ ಬಾಗಿಲಿನ ಹಾಗೆ ಕಿರ್ರ್ ಸದ್ದು. ಬೇರಿಂಗ್ ಸಡಿಲಾಗಿ ಅಲುಗಾಡುತ್ತಿತ್ತು. ಒಟ್ಟು ಖರ್ಚು 4,400.

ಎರಡನೆಯದನ್ನು ಹಟಕ್ಕೆ ಬಿದ್ದು ಗುಜರಿಯಿಂದ ತಂದೆ. ಅದೇ ಮಾಡೆಲ್ ಕಾರಿನಿಂದ ಬಿಚ್ಚಿದ ಅಸಲಿ ಪಂಪ್, 500 ರೂಪಾಯಿ. ಲೋಕಲ್ ಹೊಸದಕ್ಕಿಂತ ಹಳೆಯ ಒರಿಜಿನಲ್ ಮೇಲು ಅಂತ ನನ್ನ ಲೆಕ್ಕ. ಡೋರ್ ಹ್ಯಾಂಡಲ್, ಆಲ್ಟರ್ನೇಟರ್ ಬ್ರಾಕೆಟ್ ಇಂಥವಕ್ಕೆ ಈ ಲೆಕ್ಕ ಸರಿ. ಪಂಪ್‌ಗೆ ತಪ್ಪು. ಎಷ್ಟೋ ದಿನ ಒಣಗಿ ಬಿದ್ದಿದ್ದ ಸೀಲ್ ಅದು, ಎಷ್ಟು ಓಡಿತ್ತು ಅಂತ ಹೇಳುವವರೂ ಇಲ್ಲ. ಮೂರು ತಿಂಗಳಿಗೆ ಅದೇ ತೂತಿನಿಂದ ಹನಿ. ಈ ಸಲ ನೀರು ಬೆಲ್ಟ್ ಮೇಲೂ ಬಿದ್ದಿತ್ತು. ಟೈಮಿಂಗ್ ಬೆಲ್ಟ್ ಹಾಳಾಗಿ ಓಡುವಾಗ ತುಂಡಾದರೆ ನನ್ನ ಕಾರಿನ ಥರದ ಇಂಜಿನ್‌ನಲ್ಲಿ ವಾಲ್ವ್ ಬಾಗುತ್ತದೆ, ಆಮೇಲೆ ಪಂಪ್‌ನ ಮಾತೇ ಬರುವುದಿಲ್ಲ, ಹೆಡ್ಡೇ ಇಳಿಸಬೇಕು. 4,000 ರೂಪಾಯಿ ನೀರಿಗೆ ಹಾಕಿದಂತಾಯಿತು, ಅಕ್ಷರಶಃ.

ಮೂರನೆಯ ಸಲ ಬೆಂಗಳೂರಿಗೆ ಹೋದಾಗ ವಾಹನದ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ. ಕಾರು ಕಂಪನಿಯ ಡಬ್ಬದಲ್ಲಿ ಬರುವ ಪಂಪ್ 3,400. ಕಾರು ಕಂಪನಿಗೇ ಪಂಪ್ ಮಾಡಿಕೊಡುವವರ ಸ್ವಂತ ಡಬ್ಬದಲ್ಲಿ 2,300. ಅಂಗಡಿಯವರು ಎರಡನ್ನೂ ಕೌಂಟರ್ ಮೇಲೆ ಇಟ್ಟರು. ಒಂದೇ ಎರಕ, ಒಂದೇ ಅಂಕಿ, ಒಂದೇ ಕಪ್ಪು ಪ್ಯಾಕಿಂಗ್. ಅಗ್ಗದ್ದರಲ್ಲಿ ಕಾರು ಕಂಪನಿ ಲೋಗೋ ಇರಬೇಕಾದ ಜಾಗದಲ್ಲಿ ಉಜ್ಜಿ ಅಳಿಸಿದ ಗುರುತು, ಅಷ್ಟೇ ವ್ಯತ್ಯಾಸ. 1,100 ರೂಪಾಯಿ ಉಳಿಸಿಕೊಂಡೆ. ಜೊತೆಗೆ ಬೆಲ್ಟ್, ಅದನ್ನು ಬಿಗಿಯಾಗಿ, ದಾರಿಯಲ್ಲಿ ಹಿಡಿದಿಡುವ ಟೆನ್ಷನರ್, ಐಡ್ಲರ್ ಗಾಲಿಗಳು ಸೇರಿದ ಕಿಟ್ 4,200. ಲೇಬರ್, ಕೂಲಂಟ್ ಎಲ್ಲ ಸೇರಿ ಹತ್ತು ಸಾವಿರ. ಆವತ್ತು ಹೊಟ್ಟೆ ಉರಿಯಿತು, ನಿಜ. ಆದರೆ ಅದು 34,000 ಕಿಲೋಮೀಟರ್ ಆಗಿ ಇನ್ನೂ ಓಡುತ್ತಿದೆ, ಮೊದಲಿನ ಎರಡಕ್ಕೆ ಸುರಿದ 8,400ಕ್ಕೆ ಬಂದದ್ದು ಎರಡೂ ಸೇರಿ 11,500 ಕಿಲೋಮೀಟರ್.

ಒಂದು ಮಾತು ಒಪ್ಪಿಕೊಳ್ಳಬೇಕು. ಮೂರನೆಯದಕ್ಕೆ ಉಪಚಾರವೂ ಚೆನ್ನಾಗಿ ಆಯಿತು. ಈ ಸಲ ಬೇರೆ ಮೆಕ್ಯಾನಿಕ್. ಮೊದಲು ಹಳೆಯದನ್ನೆಲ್ಲ ತೊಳೆದರು (ಅರಿಶಿನದ ಬಣ್ಣ ನೋಡಿ ನನ್ನ ಮುಖ ನೋಡಿದರು), ಕೂಲಂಟ್ ತುಂಬಿ, ಗಾಳಿ ತೆಗೆದು, ಆಮೇಲೆ ಸ್ಟಾರ್ಟ್ ಮಾಡಿದರು. ಹೊಸ ಸೀಲ್ ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಕೆಡುತ್ತದಂತೆ. ಲೋಕಲ್ ಪಂಪ್ ಹಾಕಿದ ದಿನ ನೀರು ತುಂಬುವ ಮೊದಲೇ "ಸದ್ದು ನೋಡೋಣ" ಅಂತ ಸ್ಟಾರ್ಟ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಪಾಪ, ಎಲ್ಲ ತಪ್ಪೂ ಆ ಪಂಪ್‌ನದ್ದಲ್ಲ. ಹೊಸ ಪಂಪ್‌ನಲ್ಲಿ ಮೊದಮೊದಲು ಒಂದೆರಡು ಹನಿ ಬಂದರೆ ಗಾಬರಿ ಬೇಡ, ಸೀಲ್ ಕೂತ ಮೇಲೆ ನಿಲ್ಲುತ್ತದೆ. ನಿಲ್ಲದಿದ್ದರೆ ಮಾತ್ರ ಬಿಲ್ ಹುಡುಕಿ.

ಕೂಲಂಟ್‌ನಲ್ಲೂ ಎರಡು ಥರ ನೋಡಿದೆ. ನೀರು ಬೆರೆಸುವ ಗಟ್ಟಿ ಕೂಲಂಟ್ ಲೆಕ್ಕದಲ್ಲಿ ಅಗ್ಗ, ಆದರೆ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದು ಅಳತೆ ಮಾಡಿ ಬೆರೆಸುವ ತಾಳ್ಮೆ ಬೇಕು. ನನ್ನಂಥ ಸೋಮಾರಿಗಳಿಗೆ ರೆಡಿ ಬೆರೆಸಿದ್ದೇ ವಾಸಿ, ಕೊನೆಗೆ ಅದನ್ನೇ ಹಿಡಿದೆ. ಬಣ್ಣ ನೋಡಿ ಮಾತ್ರ ಕೊಳ್ಳಬೇಡಿ. ಹಸಿರು, ಗುಲಾಬಿ ಅನ್ನುವುದಕ್ಕೆ ಎಲ್ಲರಿಗೂ ಒಂದೇ ನಿಯಮ ಇಲ್ಲ, ಡಬ್ಬದ ಮೇಲಿನ ಬರಹವನ್ನು ಕಾರಿನ ಪುಸ್ತಕದ ಜೊತೆ ಹೋಲಿಸಿ. ಹೊಂದದ ಎರಡನ್ನು ಬೆರೆಸಿದರೆ ಗಂಜಿಯ ಹಾಗೆ ಗಟ್ಟಿಯಾಗುವುದೂ ಉಂಟು. ಹಾಸನದಲ್ಲಿ ಹಿಮ ಬೀಳುತ್ತಾ, ಇದೆಲ್ಲ ಯಾಕೆ ಅಂತ ಮಾವ ಕೇಳಿದ್ದರು. ನೀರು ಹೆಪ್ಪುಗಟ್ಟದಿರಲಿ ಅಂತಲ್ಲ, ತುಕ್ಕು ಹಿಡಿಯದಿರಲಿ, ಬೇಗ ಕುದಿಯದಿರಲಿ ಅಂತ.

ಕುದಿಯುವುದು ಅಂದಾಗ ಮುಚ್ಚಳ ನೆನಪಾಯಿತು. ಅದು ಬರೀ ಮುಚ್ಚಳ ಅಲ್ಲ, ಒಳಗೆ ಒತ್ತಡ ಹಿಡಿದಿಡುವ ಸ್ಪ್ರಿಂಗ್ ಇರುತ್ತದೆ, ಒತ್ತಡ ಇದ್ದರೇನೇ ಒಳಗಿನ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ರಬ್ಬರ್ ಸವೆದರೆ ಅಲ್ಲಿಂದಲೇ ಕೂಲಂಟ್ ಹೊರಗೆ ಹೋಗುತ್ತದೆ. ಸೋರಿಕೆ ಅಂದ ಕೂಡಲೇ ಪಂಪ್ ಬಿಚ್ಚಿಸುವ ಮೊದಲು ಮುಚ್ಚಳ, ಓಸ್ ಪೈಪ್ ಕ್ಲಿಪ್ಪು, ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚು ನೋಡಿಸಿ. ಕೈ ಪಂಪ್‌ನಿಂದ ಗಾಳಿ ಒತ್ತಿ ಪರೀಕ್ಷಿಸುವ ಸಾಮಾನು ಇರುವ ಗ್ಯಾರೇಜ್‌ಗೆ ಹೋಗಿ. ನನಗೆ ಇನ್ನೂರು ರೂಪಾಯಿ ತೆಗೆದುಕೊಂಡರು. ಹತ್ತು ನಿಮಿಷ ಮೀಟರ್ ಮುಳ್ಳು ಕದಲದಿದ್ದರೆ ಹೊರಗೆ ಎಲ್ಲೂ ಸೋರುತ್ತಿಲ್ಲ ಅಂತ ಲೆಕ್ಕ.

ಈಗ ಕೂಲಂಟ್ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿದ್ದೇನೆ. ಭಾನುವಾರ ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ನೋಡುತ್ತೇನೆ. ಹೋದ ವಾರ ಮತ್ತೆ ಶಿರಾಡಿ ಹತ್ತಿದೆವು, ಈ ಸಲವೂ ಮುಂದೆ ಟ್ಯಾಂಕರ್‌ಗಳೇ. ಬಂದ ಮಾರನೇ ದಿನ ನೋಡಿದರೆ ಕೂಲಂಟ್ ಗೆರೆಗೆ ಸರಿಯಾಗಿ ನಿಂತಿತ್ತು. ಹೀಟರ್ ಮಾತ್ರ ಇನ್ನೂ ಬೆಚ್ಚಗೇ ಬರುತ್ತದೆ.