ಮೊಹೇರ್ ಟೆಡ್ಡಿ ಕಲಿಯಲು ಕಿಟ್ ಒಳ್ಳೆಯದಾ, ಪ್ಯಾಟರ್ನ್ ಒಳ್ಳೆಯದಾ, ಸ್ವಂತ ವಿನ್ಯಾಸವಾ?

ಮೊಹೇರ್ ಬಟ್ಟೆಯಲ್ಲಿ, ಅಂದರೆ ಮೇಕೆಯ ಕೂದಲಿನಿಂದ ನೇಯ್ದ ತುಪ್ಪಳದಂಥ ಬಟ್ಟೆಯಲ್ಲಿ, ಟೆಡ್ಡಿ ಬೇರ್ ಮಾಡಲು ಕಲಿಯಬೇಕು ಅಂದರೆ ಮೂರು ದಾರಿಗಳಿವೆ. ಬಟ್ಟೆ, ಕೀಲು, ಕಣ್ಣು, ದಾರ ಎಲ್ಲ ಒಟ್ಟಿಗೇ ಸಿಗುವ ಕಿಟ್ ತೆಗೆದುಕೊಳ್ಳಬಹುದು. ಕತ್ತರಿಸಬೇಕಾದ ತುಂಡುಗಳ ಆಕಾರ ಬರೆದಿರುವ ಪ್ಯಾಟರ್ನ್ ಹಾಳೆ ಮಾತ್ರ ತಂದು, ಸಾಮಾನನ್ನು ನಾವೇ ಆರಿಸಿಕೊಳ್ಳಬಹುದು. ಇಲ್ಲವೇ ಖಾಲಿ ಕಾಗದದ ಮೇಲೆ ನಮ್ಮದೇ ಕರಡಿಯನ್ನು ಬರೆದುಕೊಂಡು ಶುರು ಮಾಡಬಹುದು. ಮೂರನ್ನೂ ಮಾಡಿ ನೋಡಿದ್ದೇನೆ. ಹೊಲಿಯುವುದಷ್ಟೇ ಬಂದರೆ ಸಾಕು ಅನ್ನುವವರಿಗೆ ಕಿಟ್ ಧಾರಾಳವಾಗಿ ಸಾಕು. ಆದರೆ ಮುಂದೆ ಸ್ವಂತ ಕರಡಿ ವಿನ್ಯಾಸ ಮಾಡಬೇಕು ಅನ್ನುವ ಆಸೆ ಇದ್ದರೆ ನನ್ನ ವೋಟು ಎರಡನೆಯದಕ್ಕೆ. ಅದರಲ್ಲೂ ಒಂದೇ ಪ್ಯಾಟರ್ನನ್ನು ಬಿಡದೆ ಹಿಡಿದು, ಪ್ರತಿ ಸಲ ಒಂದೇ ಒಂದು ಭಾಗ ಬದಲಿಸುತ್ತಾ ಹೋಗುವುದಕ್ಕೆ.

ಮೊದಲು ಕಿಟ್ ವಿಷಯ. ಇದರ ದೊಡ್ಡ ಅನುಕೂಲ ಅಂದರೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಬಂದಿರುತ್ತದೆ. ಕರಡಿಯ ಎತ್ತರಕ್ಕೆ ತಕ್ಕ ಕೂದಲಿನ ಬಟ್ಟೆ, ತೋಳಿನ ಅಗಲಕ್ಕೆ ತಕ್ಕ ಡಿಸ್ಕ್ (ಕೀಲಿಗೆ ಹಾಕುವ ದುಂಡು ಬಿಲ್ಲೆ), ಮುಖಕ್ಕೆ ತಕ್ಕ ಕಣ್ಣು. ಹೊಸಬರಿಗೆ ಇದನ್ನೆಲ್ಲ ಹೊಂದಿಸುವುದೇ ತಲೆನೋವು, ಅಲ್ವಾ? ಕಿಟ್ ಮಾಡಿ ಮುಗಿಸುವ ಹೊತ್ತಿಗೆ ಕುತ್ತಿಗೆ, ತೋಳು, ಕಾಲು ಸೇರಿ ಐದು ಕೀಲುಗಳು ಹೇಗೆ ಕೂರುತ್ತವೆ ಅನ್ನುವುದು ಕೈಗೆ ಗೊತ್ತಾಗಿರುತ್ತದೆ. ಕತ್ತರಿಯ ತುದಿಯನ್ನಷ್ಟೇ ಬಟ್ಟೆಯ ಹಿಂಬದಿಯಲ್ಲಿ ತೂರಿಸಿ, ಮುಂದಿನ ಕೂದಲಿಗೆ ತಾಗದಂತೆ ಕತ್ತರಿಸುವ ಅಭ್ಯಾಸವೂ ಆಗಿರುತ್ತದೆ.

ಆದರೆ ಕಿಟ್‌ನಲ್ಲಿ ಬಟ್ಟೆಯನ್ನು ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಮೂತಿ ಇನ್ನೊಂದು ಚೂರು ಗಿಡ್ಡ ಇದ್ದಿದ್ದರೆ ಹೇಗಿರುತ್ತಿತ್ತು ಅಂತ ನೋಡೋಣ ಅಂದರೆ ಇನ್ನೊಂದು ತಲೆ ಕತ್ತರಿಸುವಷ್ಟು ಬಟ್ಟೆ ಉಳಿದಿರುವುದಿಲ್ಲ. ಕೆಲವು ಕಿಟ್‌ಗಳಲ್ಲಿ ಬಟ್ಟೆಯ ಮೇಲೆ ಗುರುತು ಕೂಡ ಹಾಕಿಯೇ ಬಂದಿರುತ್ತದೆ. ಅಂಥದ್ದನ್ನು ಮಾತ್ರ ತೆಗೆದುಕೊಳ್ಳಬೇಡಿ. ಕೂದಲು ಯಾವ ಕಡೆ ಮಲಗಿದೆ ಅಂತ ಕೈಯಾಡಿಸಿ ನೋಡಿ, ಪ್ಯಾಟರ್ನ್ ಮೇಲಿನ ಬಾಣದ ಗುರುತಿಗೆ ಸರಿಯಾಗಿ ಒಂದೊಂದೇ ತುಂಡು ಇಡುವುದು, ಎಡಗೈಗೂ ಬಲಗೈಗೂ ತುಂಡನ್ನು ಮಗುಚಿ ಬರೆದುಕೊಳ್ಳುವುದು, ಇದೇ ಈ ಕೆಲಸದ ಅರ್ಧ ವಿದ್ಯೆ. ಅದನ್ನು ಬೇರೆಯವರು ಮಾಡಿಕೊಟ್ಟರೆ ನಮಗೆ ಉಳಿಯುವುದು ಬರೀ ಹೊಲಿಗೆ.

ಇದಕ್ಕೆ ಪೂರ್ತಿ ಎದುರು ತುದಿಯಲ್ಲಿರುವುದು ಸ್ವಂತ ವಿನ್ಯಾಸ. ಖುಷಿ ಕೊಡುವುದರಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ಶುರುವಿನಲ್ಲೇ ಇದಕ್ಕೆ ಕೈ ಹಾಕಿದರೆ ಎರಡು ತೊಡಕುಗಳಿವೆ. ಕಾಗದದ ಮೇಲೆ ಬರೆಯುವುದು ಚಪ್ಪಟೆ ಆಕಾರ, ಕೈಗೆ ಬರುವುದು ದುಂಡಗಿನ ಕರಡಿ. ಹೊಲಿಗೆಯಿಂದ ಹೊಲಿಗೆಗೆ 6 ಸೆಂ.ಮೀ ಅಗಲದ ತೋಳು ಬರೆದರೆ ಅದರ ಸುತ್ತಳತೆ 12 ಸೆಂ.ಮೀ. ಬಿಗಿಯಾಗಿ ತುಂಬಿದ ಮೇಲೆ ಎದುರಿನಿಂದ ಕಾಣುವುದು ಸುಮಾರು 3.8 ಸೆಂ.ಮೀ ದಪ್ಪದ ತೋಳು. ಬರೆದ ಚಿತ್ರದಲ್ಲಿ ಗುಂಡುಗುಂಡಗೆ ಇದ್ದ ಕರಡಿ ತುಂಬಿದಾಗ ಸೊರಗಿದಂತೆ ಕಾಣುವುದು ಇದಕ್ಕೇ. ಈ ಲೆಕ್ಕವನ್ನು ಹೇಗೋ ಕಲಿಯಬಹುದು. ಎರಡನೆಯ ತೊಡಕು ಜಾಸ್ತಿ ಕಾಡುತ್ತದೆ. ಮುಖ ಚೆನ್ನಾಗಿ ಬರಲಿಲ್ಲ ಅನ್ನಿ. ಕಾರಣ ತಲೆಯ ಪಕ್ಕದ ತುಂಡೋ, ನಡುವಿನ ಪಟ್ಟಿಯೋ, ಕಿವಿಯ ಜಾಗವೋ, ಕಣ್ಣೋ, ತುಂಬಿದ ರೀತಿಯೋ? ಎಲ್ಲವೂ ಹೊಸದೇ ಆಗಿರುವಾಗ ಇದಕ್ಕೆ ಉತ್ತರ ಸಿಗುವುದಿಲ್ಲ.

ಪ್ಯಾಟರ್ನ್ ಹಿಡಿದು ಕಲಿಯುವುದರ ಲಾಭ ಇಲ್ಲೇ ಇರುವುದು. ಒಂದು ಸಲ ಇದ್ದ ಹಾಗೇ ಮಾಡಬೇಕು. ಅದು ನಮ್ಮ ಅಳತೆಗೋಲು. ಆಮೇಲೆ ಒಂದು ತುಂಡನ್ನು ಮಾತ್ರ ಬದಲಿಸಬೇಕು. ಎಲ್ಲಿಂದ ಶುರು ಮಾಡುವುದು ಅಂತ ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತೇನೆ, ತಲೆಯ ಗಸೆಟ್‌ನಿಂದ.

ಟೆಡ್ಡಿಯ ತಲೆಗೆ, ಕಿವಿ ಬಿಟ್ಟರೆ, ಬೇಕಾಗುವುದು ಮೂರೇ ತುಂಡು. ಎರಡು ಪಕ್ಕದವು, ಅವುಗಳ ನಡುವೆ ಮೂಗಿನ ತುದಿಯಿಂದ ಹಿಂಗತ್ತಿನವರೆಗೆ ಹೋಗುವ ಉದ್ದ ಪಟ್ಟಿ ಒಂದು. ಆ ಪಟ್ಟಿಯೇ ಗಸೆಟ್. ಪಕ್ಕದ ತುಂಡುಗಳು ಮುಖದ ಗೆರೆಯನ್ನು ಕೊಡುತ್ತವೆ, ಗಸೆಟ್ ಅಗಲವನ್ನು ಕೊಡುತ್ತದೆ. 35 ಸೆಂ.ಮೀ ಎತ್ತರದ ಕರಡಿಯೊಂದರ ಪ್ಯಾಟರ್ನ್‌ನಲ್ಲಿ ಪಕ್ಕದ ತುಂಡುಗಳನ್ನು ಮುಟ್ಟದೆ ಗಸೆಟ್ ಒಂದನ್ನೇ ಬದಲಿಸಿ ತಲೆಗಳನ್ನು ಹೊಲಿದು ನೋಡಿದೆ. ಹಣೆಯ ಹತ್ತಿರ ಅದರ ಅಗಲ 7 ಸೆಂ.ಮೀ ಇತ್ತು. 8 ಮಾಡಿದಾಗ ಕಣ್ಣು, ಕಿವಿಗಳು ದೂರ ಸರಿದು ಮರಿಯ ಮುಖ ಬಂತು. 6ಕ್ಕೆ ಇಳಿಸಿದಾಗ ಅದೇ ಕರಡಿಗೆ ವಯಸ್ಸಾದಂತೆ ಕಂಡಿತು, ಮೂತಿಯನ್ನು ಮುಟ್ಟದೇ ಇದ್ದರೂ ಅದು ಉದ್ದವಾದಂತೆ ಕಂಡಿತು. ಒಂದೇ ಸೆಂಟಿಮೀಟರು! ಮೂರು ತಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ಆದ ಸಂತೋಷ ಯಾವ ಕಿಟ್‌ನಲ್ಲೂ ನನಗೆ ಸಿಕ್ಕಿಲ್ಲ. ಮೂಗಿನ ತುದಿಯಲ್ಲಿ ಗಸೆಟ್ ಅಗಲ ಮಾಡಿದರೆ ಮೂತಿ ಮೊಂಡಾಗುತ್ತದೆ, ಕಿರಿದು ಮಾಡಿದರೆ ಚೂಪಾಗುತ್ತದೆ.

ಅಗಲ ಬದಲಿಸುವುದು ಸುಲಭ, ಉದ್ದ ಬದಲಿಸುವಾಗ ಹುಷಾರಾಗಿರಬೇಕು. ಮೂತಿಯನ್ನು ಗಿಡ್ಡ ಮಾಡಿದರೆ ಪಕ್ಕದ ತುಂಡಿನಲ್ಲಿ ಎಷ್ಟು ಕಡಿಮೆ ಆಯಿತೋ ಗಸೆಟ್‌ನಲ್ಲೂ ಅಷ್ಟೇ ಕಡಿಮೆ ಆಗಬೇಕು. ಅಳೆಯಬೇಕಾದ್ದು ಕತ್ತರಿಸುವ ಗೆರೆಯನ್ನಲ್ಲ, ಹೊಲಿಗೆಯ ಗೆರೆಯನ್ನು. ಒಂದು ಕಾಗದದ ಅಂಚನ್ನು ಇನ್ನೊಂದರ ಅಂಚಿಗೆ ತಾಗಿಸಿ, ಇಷ್ಟಿಷ್ಟೇ ಹೊರಳಿಸುತ್ತಾ ಮೂಗಿನಿಂದ ಕುತ್ತಿಗೆಯವರೆಗೆ ಬರಬೇಕು. ನಡುನಡುವೆ ಕಣ್ಣಿನ ಹತ್ತಿರ, ಕಿವಿಯ ಹತ್ತಿರ ಎರಡೂ ಕಾಗದದಲ್ಲಿ ಗುರುತು ಹಾಕಿಕೊಂಡರೆ ಹೊಲಿಯುವಾಗ ಗಸೆಟ್ ಒಂದು ಕಡೆಗೆ ಎಳೆದುಕೊಳ್ಳುವುದಿಲ್ಲ. ತಲೆ ಸೊಟ್ಟಗಾಗುವುದಕ್ಕೆ ಬಹುಪಾಲು ಇದೇ ಕಾರಣ. ಮೊದಲು ಗಟ್ಟಿ ಕೋರಾ ಬಟ್ಟೆಯಲ್ಲಿ ಒಂದು ತಲೆ ಹೊಲಿದು ತುಂಬಿ ನೋಡಿದರೆ ಮೊಹೇರ್ ಉಳಿಯುತ್ತದೆ.

ಯಾವ ಪ್ಯಾಟರ್ನ್ ಆರಿಸಬೇಕು? ಉದ್ದ ಕೈ, ಬೆನ್ನಿನ ಮೇಲೆ ಗೂನು, ಮುಂದೆ ಚಾಚಿದ ಮೂತಿ ಇರುವ ಹಳೆಯ ಜರ್ಮನ್ ಮಾದರಿಯದ್ದು ನನಗೆ ಇಷ್ಟ. ಅದರಲ್ಲಿ ಪ್ರತಿಯೊಂದು ಗೆರೆಯೂ ಎದ್ದು ಕಾಣುತ್ತದೆ, ಹಾಗಾಗಿ ಬದಲಾವಣೆಯೂ ಎದ್ದು ಕಾಣುತ್ತದೆ.

ಇನ್ನು ಬಟ್ಟೆ. "ಮೊಹೇರ್ ದುಬಾರಿ, ಮೊದಲು ಅಗ್ಗದ ಸಿಂಥೆಟಿಕ್ ಫರ್‌ನಲ್ಲಿ ಕಲಿ" ಅನ್ನುವ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಮೊಹೇರ್ ಅಂದರೆ ಅಂಗೋರಾ ಮೇಕೆಯ ಕೂದಲು. ಅದನ್ನು ಗಟ್ಟಿಯಾಗಿ ನೇಯ್ದ, ಸಾಮಾನ್ಯವಾಗಿ ಹತ್ತಿಯ ಬಟ್ಟೆಗೆ ಕೂಡಿಸಿ ನೇಯ್ದಿರುತ್ತಾರೆ. ಸಿಂಥೆಟಿಕ್ ಫರ್‌ನ ಹಿಂಬದಿ ಹೆಚ್ಚಾಗಿ ಬನಿಯನ್ ಬಟ್ಟೆಯ ಹಾಗೆ ಹೆಣೆದದ್ದು, ಎಳೆದರೆ ಹಿಗ್ಗುತ್ತದೆ. ಒಂದೇ ಪ್ಯಾಟರ್ನನ್ನು ಎರಡರಲ್ಲೂ ಹೊಲಿದು ನೋಡಿದೆ. ಮೊಹೇರ್‌ನಲ್ಲಿ ಕಾಗದದ ಮೇಲಿದ್ದ ಆಕಾರವೇ ಬಂತು. ಫರ್‌ನಲ್ಲಿ ಕೆನ್ನೆ ಉಬ್ಬಿತು, ಹೊಟ್ಟೆ ಅಗಲವಾಯಿತು, ತೋಳಿನ ಬಾಗು ಕಾಣೆಯಾಯಿತು. ಗಟ್ಟಿಯಾಗಿ ತುಂಬಿದಷ್ಟೂ ಇನ್ನೂ ಉಬ್ಬುತ್ತದೆ. ಮುದ್ದಾಗಿಯೇ ಇತ್ತು, ಆ ಮಾತು ಬೇರೆ. ಆದರೆ ಗಸೆಟ್ ಬದಲಿಸಿದ್ದಕ್ಕೆ ಮುಖ ಅಗಲವಾಯಿತೋ, ಬಟ್ಟೆ ಹಿಗ್ಗಿದ್ದಕ್ಕೆ ಆಯಿತೋ ಅಂತ ಹೇಳಲು ಆಗುವುದಿಲ್ಲ. ವಿನ್ಯಾಸ ಕಲಿಯುವವರಿಗೆ ಇದು ದೊಡ್ಡ ನಷ್ಟ. ಹೊಳಪಿನ ಮಾತಂತೂ ಬೇಡ. ಬೆಳಕು ಬಿದ್ದಾಗ ಮೊಹೇರ್ ಮಿನುಗುವ ರೀತಿಯೇ ಬೇರೆ.

ಖರ್ಚು ಕಡಿಮೆ ಇರಲಿ ಅಂದರೆ ನೇಯ್ದ ಹಿಂಬದಿ ಇರುವ ವಿಸ್ಕೋಸ್ ಪ್ಲಶ್ ನೋಡಿ. ಆಕಾರ ಚೆನ್ನಾಗಿ ಹಿಡಿಯುತ್ತದೆ, ಆದರೆ ಒದ್ದೆ ಮಾಡಬಾರದು. ಅಲ್ಪಾಕಾ ಅನ್ನುವ ಪ್ರಾಣಿಯ ಕೂದಲಿನ ಬಟ್ಟೆ ತುಂಬ ಮೆತ್ತಗೆ, ಮೊಹೇರ್‌ನಷ್ಟು ಹೊಳೆಯುವುದಿಲ್ಲ.

ಮೊಹೇರ್‌ನಲ್ಲೂ ಎಲ್ಲವೂ ಒಂದೇ ಅಲ್ಲ. 25 ಮಿ.ಮೀ ಉದ್ದದ ಕೂದಲು ಹೊಲಿಗೆಯನ್ನು ಚೆನ್ನಾಗಿ ಮುಚ್ಚುತ್ತದೆ ಅಂತ ಹೊಸಬರಿಗೆ ಅದನ್ನೇ ಹೇಳುತ್ತಾರೆ. ನಿಜವೇ, ಆದರೆ ಅದು ಆಕಾರವನ್ನೂ ಮುಚ್ಚಿಬಿಡುತ್ತದೆ. ಕಷ್ಟಪಟ್ಟು ತಂದ ಹಣೆಯ ಗೆರೆ ಕಾಣುವುದೇ ಇಲ್ಲ. 30ರಿಂದ 35 ಸೆಂ.ಮೀ ಕರಡಿಗೆ 12 ಮಿ.ಮೀ ಆಸುಪಾಸಿನ ನೇರ ಕೂದಲು ನನಗೆ ಹಿಡಿಸಿದ ಅಳತೆ. 15 ಸೆಂ.ಮೀ ಕರಡಿಗಾದರೆ 6 ಮಿ.ಮೀ ಸಾಕು. ತುಂಬ ವಿರಳವಾದ ಕೂದಲಿದ್ದರೆ ಹೊಲಿಗೆ ಕಾಣುತ್ತದೆ, ಅದನ್ನು ಕೈ ಕುದುರಿದ ಮೇಲೆ ತೆಗೆದುಕೊಳ್ಳಿ. ಹೊಲಿದ ನಂತರ ಸಿಕ್ಕಿಕೊಂಡ ಕೂದಲನ್ನು ಸೂಜಿಯ ತುದಿಯಿಂದ ಒಂದೊಂದಾಗಿ ಹೊರಗೆ ಎಳೆದರೆ ಜೋಡಣೆಯ ಗೆರೆ ಮಾಯವಾಗುತ್ತದೆ. ಬೇಸರದ ಕೆಲಸ, ಬಿಡಬೇಡಿ.

ಕೈ ಹೊಲಿಗೆಯೋ ಮೆಷಿನ್ನೋ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೈ, ಕೈಕಾಲಿಗೆ ಯಾವುದಾದರೂ ಸರಿ. ಗಸೆಟ್‌ಗೆ ಮತ್ತು ಪಾದದ ಅಡಿಗೆ ಮಾತ್ರ ಕಚ್ಚಾ ಹೊಲಿಗೆ ಹಾಕಿಕೊಂಡು, ಕೈಯಲ್ಲೇ ಸಣ್ಣ ಬ್ಯಾಕ್ ಸ್ಟಿಚ್ ಹಾಕುತ್ತೇನೆ.

ಕೀಲುಗಳಿಗೆ ಬರೋಣ. 1902ರಲ್ಲಿ ಜರ್ಮನಿಯ ಶ್ಟೈಫ್ ಆಟಿಕೆ ಕಂಪನಿಯ ರಿಚರ್ಡ್ ಶ್ಟೈಫ್ ವಿನ್ಯಾಸ ಮಾಡಿದ, 1903ರಲ್ಲಿ ಲೈಪ್‌ಜಿಗ್ ಮೇಳಕ್ಕೆ ಹೋದ 55 ಪಿಬಿ ಅನ್ನುವ ಮಾದರಿಯ ಕರಡಿಯ ಕೈಕಾಲುಗಳನ್ನು ದಾರದಿಂದ ಕಟ್ಟಿದ್ದರು. ದಾರ ಬಹಳ ದಿನ ಬಿಗಿಯಾಗಿ ನಿಲ್ಲುವುದಿಲ್ಲ. ಆಮೇಲೆ ಲೋಹದ ಸರಳು ಬಂತು, 1905ರ ಹೊತ್ತಿಗೆ ಡಿಸ್ಕ್ ಬಂತು. ನಾವು ಇವತ್ತು ಹಾಕುವುದೂ ಡಿಸ್ಕೇ. ಆಯ್ಕೆ ಇರುವುದು ಅದನ್ನು ಯಾವುದರಿಂದ ಬಿಗಿಯುವುದು ಅನ್ನುವುದರಲ್ಲಿ.

ಕಾಟರ್ ಪಿನ್ ಹಳೆಯ ಪದ್ಧತಿ. ಪಿನ್ನಿನ ಎರಡೂ ಕಾಲುಗಳನ್ನು ಇಕ್ಕಳದಿಂದ ಸುರುಳಿ ಸುತ್ತಿ ವಾಷರ್ ಮೇಲೆ ಒತ್ತಿ ಕೂರಿಸಬೇಕು. ಸರಿಯಾಗಿ ಕೂತರೆ ತೋಳು ತಿರುಗುವಾಗ ಹಿತವಾದ ಬಿಗಿ ಇರುತ್ತದೆ. ಆದರೆ ಒಂದೆರಡು ಸಲ ಬಿಚ್ಚಿ ಬಗ್ಗಿಸಿದರೆ ಪಿನ್ ಸೋಲುತ್ತದೆ. ಪ್ಲಾಸ್ಟಿಕ್ ಕೀಲು ಬೇಗ ಕೂರುತ್ತದೆ, ಕೂತ ಮೇಲೆ ಮತ್ತೆ ಬಿಚ್ಚಲು ಬರುವುದಿಲ್ಲ. ಬೋಲ್ಟಿಗೆ ಲಾಕ್ ನಟ್ (ತಾನಾಗಿ ಬಿಚ್ಚಿಕೊಳ್ಳದ ನಟ್) ಹಾಕಿದರೆ ಬೆನ್ನು ಮುಚ್ಚುವವರೆಗೂ ಎಷ್ಟು ಸಲ ಬೇಕಾದರೂ ಬಿಚ್ಚಬಹುದು. ಕಲಿಯುವ ಹಂತದಲ್ಲಿ ನನ್ನ ಆಯ್ಕೆ ಇದೇ. ಭುಜದ ತೂತನ್ನು ಅರ್ಧ ಸೆಂ.ಮೀ ಮುಂದೆ ಸರಿಸಿದರೆ ಕರಡಿ ತಬ್ಬಿಕೊಳ್ಳಲು ಬಂದಂತೆ ಕಾಣುತ್ತದೆ, ಹಿಂದೆ ಸರಿಸಿದರೆ ಎದೆ ಸೆಟೆದು ನಿಂತಂತೆ ಕಾಣುತ್ತದೆ. ಇನ್ನೊಂದು ಅನುಕೂಲ ಗೊತ್ತಾ? ಒಂದೇ ಮೈ ಇಟ್ಟುಕೊಂಡು ಬೇರೆ ಬೇರೆ ತಲೆಗಳನ್ನು ಕೂರಿಸಿ ನೋಡಬಹುದು. ತಲೆಯ ಕೆಳಗಿನ ಅಂಚನ್ನು ಗಟ್ಟಿ ದಾರದಿಂದ ಬೋಲ್ಟಿನ ಸುತ್ತ ನೆರಿಗೆ ಹಿಡಿದು ಬಿಗಿದಿದ್ದರೆ ಸಾಕು. ನಟ್ ಬಿಗಿಯುವಾಗ ಬೇಕು ಅನಿಸಿದ್ದಕ್ಕಿಂತ ಇನ್ನೊಂದು ಸುತ್ತು ಬಿಗಿಯಿರಿ, ತುಂಬಿದ್ದು ಅಮರಿಕೊಂಡ ಮೇಲೆ ಕೀಲು ಹೇಗಿದ್ದರೂ ಸ್ವಲ್ಪ ಸಡಿಲವಾಗುತ್ತದೆ.

ತುಂಬುವುದಕ್ಕೆ ವುಡ್ ವುಲ್ ಮತ್ತು ಪಾಲಿಯೆಸ್ಟರ್ ಎರಡನ್ನೂ ಬಳಸಿದ್ದೇನೆ. ವುಡ್ ವುಲ್ ಅಂದರೆ ಕೂದಲಿನಂತೆ ತೆಳ್ಳಗೆ ಹೆರೆದ ಮರದ ಎಳೆ. ಒತ್ತಿದ ಜಾಗದಲ್ಲೇ ನಿಲ್ಲುತ್ತದೆ, ಮೂತಿಯ ಅಂಚು ಚೊಕ್ಕಟವಾಗಿ ಬರುತ್ತದೆ. ತೇವ ಮಾತ್ರ ತಾಗಬಾರದು. ಪಾಲಿಯೆಸ್ಟರ್ ಮೆತ್ತಗೆ, ತೊಳೆಯಬಹುದು, ಆದರೆ ಒತ್ತಿದಷ್ಟೂ ಪುಟಿದು ಬರುತ್ತದೆ. ಮೂತಿಗೆ ವುಡ್ ವುಲ್, ಉಳಿದದ್ದಕ್ಕೆ ಪಾಲಿಯೆಸ್ಟರ್ ಹಾಕುವುದು ನನಗೆ ಒಗ್ಗಿದೆ. ಮೂಗಿನ ಕಸೂತಿ ಹಾಕುವಾಗ ಅಡಿಯಲ್ಲಿ ಗಟ್ಟಿ ಇರಬೇಕು, ಇಲ್ಲದಿದ್ದರೆ ದಾರ ಎಳೆದ ಹಾಗೆಲ್ಲ ಮೂತಿ ಒಳಗೆ ಹೋಗುತ್ತದೆ. ಹೊಟ್ಟೆಗೆ ತೂಕ ಬೇಕಿದ್ದರೆ ಸ್ಟೀಲ್ ಗುಂಡುಗಳನ್ನು ಸಣ್ಣ ಬಟ್ಟೆ ಚೀಲದಲ್ಲಿ ಹೊಲಿದು ಇಡಿ, ಸುಮ್ನೆ ಹಾಗೇ ಸುರಿಯಬೇಡಿ.

ಕಣ್ಣಿನಲ್ಲಿ ಗಾಜು ಮತ್ತು ಪ್ಲಾಸ್ಟಿಕ್ ಸೇಫ್ಟಿ ಕಣ್ಣು, ಇವೆರಡಕ್ಕೂ ಇರುವ ವ್ಯತ್ಯಾಸ ಬರೀ ಅಂದದ್ದಲ್ಲ. ಸೇಫ್ಟಿ ಕಣ್ಣನ್ನು ತಲೆ ತುಂಬುವ ಮೊದಲೇ ಒಳಗಿನಿಂದ ವಾಷರ್ ಒತ್ತಿ ಕೂರಿಸಬೇಕು. ಮುಖ ಇನ್ನೂ ಚಪ್ಪಟೆಯಾಗಿರುವಾಗಲೇ ಜಾಗ ತೀರ್ಮಾನ ಆಗಿಬಿಡುತ್ತದೆ. ಗಾಜಿನ ಕಣ್ಣನ್ನು ತಲೆ ತುಂಬಿದ ಮೇಲೆ ಹಾಕುತ್ತೇವೆ. ಮೊದಲು ಕಪ್ಪು ತಲೆಯ ಗುಂಡುಪಿನ್ ಚುಚ್ಚಿ, ಗಸೆಟ್ ಹೊಲಿಗೆಯ ಮೇಲೆ, ಕೆಳಗೆ, ಹತ್ತಿರ, ದೂರ ಅಂತ ಸರಿಸಿ ಸರಿಸಿ ನೋಡಬಹುದು. ಕೆಳಗೆ, ದೂರ ಇಟ್ಟರೆ ಮರಿ. ಮೇಲೆ, ಹತ್ತಿರ ಇಟ್ಟರೆ ಗಂಭೀರ ಕರಡಿ. ಜಾಗ ಸರಿ ಅನಿಸಿದ ಮೇಲೆ ಜೇನುಮೇಣ ಸವರಿದ ಗಟ್ಟಿ ದಾರವನ್ನು ಕಣ್ಣಿನ ತಂತಿಕುಣಿಕೆಗೆ ಪೋಣಿಸಿ, ಉದ್ದ ದಬ್ಬಣದಿಂದ ತಲೆಯ ಹಿಂಬದಿಗೆ ತಂದು ಎಳೆದು ಗಂಟು ಹಾಕಬೇಕು. ಎಳೆದಾಗ ಕಣ್ಣಿನ ಗುಳಿ ತಾನಾಗಿ ಬರುತ್ತದೆ. ಕಲಿಯುವವರಿಗೆ ಗಾಜಿನದ್ದೇ ಮೇಲು. ಆದರೆ ಕರಡಿ ಪುಟ್ಟ ಮಗುವಿನ ಕೈಗೆ ಹೋಗುವುದಿದ್ದರೆ ಗಾಜಿನ ಕಣ್ಣು, ಸ್ಟೀಲ್ ಗುಂಡು ಎರಡೂ ಬೇಡವೇ ಬೇಡ. ಆಗ ಮೂಗು ಹಾಕುವ ದಾರದಲ್ಲೇ ಕಣ್ಣನ್ನೂ ಕಸೂತಿ ಮಾಡಿ. ಕಸೂತಿ ಮಾಡುವ ಮೊದಲು ಗುಂಡುಪಿನ್ ಚುಚ್ಚಿ ಜಾಗ ನೋಡಿಕೊಳ್ಳಬಹುದು, ಎಷ್ಟು ಪಿನ್ ಚುಚ್ಚಿದ್ದೀರೋ ಅಷ್ಟನ್ನೂ ಲೆಕ್ಕ ಹಾಕಿ ವಾಪಸ್ ತೆಗೆಯಿರಿ.