ಹಂತ ಹಂತವಾಗಿ ಬಿಡಿಸುವ ಆಪ್ ಚೆಂದ ಉಂಟು, ಆದರೆ ಮೈನಸ್ ಬಂದರೆ ಜಾಗ್ರತೆ

ಫೋಟೋ ಹೊಡೆದರೆ ಬೀಜಗಣಿತದ ಲೆಕ್ಕ ಬಿಡಿಸಿ ತೋರಿಸುವ ಆಪ್ ಇದು. ಹೆಸರು ಬೇಡ, ಇಂಥದ್ದು ಎಲ್ಲರ ಫೋನಲ್ಲೂ ಒಂದಾದರೂ ಇರುತ್ತದೆ. ಫೀಚರ್ ಪಟ್ಟಿ ಪ್ಲೇ ಸ್ಟೋರಲ್ಲೇ ನೋಡಿಕೊಳ್ಳಿ. ನಾನು ಉಡುಪಿಯ ಕುಂಜಿಬೆಟ್ಟಿನಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ, ಅದಕ್ಕೇ ತಿಂಗಳಾ ದುಡ್ಡು ಕಟ್ಟಿ ಇಟ್ಟುಕೊಂಡಿದ್ದೇನೆ.

ಸಂಜೆ ಮಕ್ಕಳು ಬರುವ ಮೊದಲು ಚಾ ಕುಡಿಯುತ್ತಾ ಆ ದಿನದ ಲೆಕ್ಕಗಳನ್ನು ಅದಕ್ಕೆ ತೋರಿಸುವುದು ನನ್ನ ಅಭ್ಯಾಸ. ಘಾತಾಂಕ, ಅಂದರೆ ಸಂಖ್ಯೆಯ ಮೇಲೆ ಬರೆಯುವ ಪವರ್, ಭಿನ್ನರಾಶಿಯಾಗಿದ್ದರೆ ಸ್ವಲ್ಪ ದೊಡ್ಡದಾಗಿ ಬರೆಯಬೇಕು. ಇಲ್ಲದಿದ್ದರೆ 2/3ರ ನಡುವಿನ ಗೆರೆ ಕಾಣದೆ 23 ಅಂತ ಓದುತ್ತದೆ. ಮಳೆಗಾಲದಲ್ಲಿ ಹಾಳೆ ತಂಡಿ ಹಿಡಿದು ಇಂಕು ಹರಡಿದರೆ ಮತ್ತೆ ಕೇಳುವುದೇ ಬೇಡ. ಆದರೂ ಸರಿಯಾಗಿ ಓದಿದಾಗ ಖುಷಿಯಾಗುತ್ತದೆ ಮಾರಾಯ್ರೆ. 27 ಎಕ್ಸ್ ಪವರ್ 6, ಇಡೀ ಬ್ರಾಕೆಟ್ಟಿಗೆ ಪವರ್ 2/3 ಅಂತ ಕೊಡಿ. 27ನ್ನು 3ರ ಘನ ಮಾಡುತ್ತದೆ, ಆ ಘನದ ಪವರ್ 3ನ್ನು 2/3ರಿಂದ ಗುಣಿಸಿ 2 ತರುತ್ತದೆ, ಅಲ್ಲಿಗೆ 3ರ ವರ್ಗ 9 ಆಯಿತು. ಎಕ್ಸಿನ ಮೇಲಿನ 6ಕ್ಕೆ 2/3 ಗುಣಿಸಿದರೆ 4. ಉತ್ತರ 9 ಎಕ್ಸ್ ಪವರ್ 4. ಬೆರಳು ಮುಟ್ಟಿಸಿದರೆ ಮಾತ್ರ ಮುಂದಿನ ಸಾಲು ತೆರೆಯುತ್ತದೆ, ಹಾಗಾಗಿ ಅದನ್ನು ಮೊದಲೇ ಹೇಳಲಿಕ್ಕೆ ಮಕ್ಕಳಲ್ಲಿ ಜಗಳ.

ಈಗ ದೂರು. ಎಕ್ಸ್ ಸ್ಕ್ವೇರಿಗೆ ಪವರ್ 1/2 ಕೊಟ್ಟರೆ ಸುಮ್ನೆ ಎಕ್ಸ್ ಅಂತ ಬರೆದು ಕೈತೊಳೆದುಕೊಳ್ಳುತ್ತದೆ. ಎಕ್ಸ್ ಅಂದರೆ -3 ಆಗಿದ್ದರೆ? ವರ್ಗ 9, ಅದರ ವರ್ಗಮೂಲ 3. -3 ಅಲ್ವಲ್ಲ! ಎಕ್ಸಿನ ಮಾಡ್ಯುಲಸ್, ಅಂದರೆ ಮೈನಸ್ ಇದ್ದರೆ ಅದನ್ನು ತೆಗೆದ ಬೆಲೆ, ಅಂತ ಬರೆಯಬೇಕಿತ್ತು. ಪಠ್ಯಪುಸ್ತಕ ಪವರಿಗೆ ಪವರ್ ಗುಣಿಸುವ ಈ ನಿಯಮ ಹೇಳುವಾಗಲೇ ಆಧಾರ ಸಂಖ್ಯೆ, ಅಂದರೆ ಪವರ್ ಹೊತ್ತ ಕೆಳಗಿನ ಸಂಖ್ಯೆ, ಸೊನ್ನೆಗಿಂತ ದೊಡ್ಡದು ಅಂತ ಷರತ್ತು ಹಾಕುತ್ತದೆ. ಈ ಆಪ್ ಷರತ್ತನ್ನೇ ನುಂಗಿಬಿಡುತ್ತದೆ. ಷರತ್ತು ಸುಮ್ಮನೆ ಹಾಕಿದ್ದಲ್ಲ. -8ರ ಘನಮೂಲ -2. ಆದರೆ 1/3ನ್ನೇ 2/6 ಅಂತ ಬರೆದು, -8ರ ವರ್ಗ 64, ಅದರ ಆರನೇ ಮೂಲ ತೆಗೆದರೆ 2. ಭಿನ್ನರಾಶಿ ಒಂದೇ, ಉತ್ತರ ಎರಡು. ಇದನ್ನು ಮಕ್ಕಳ ಎದುರೇ ತೋರಿಸೋಣ ಅಂತ -8 ಪವರ್ 1/3 ಕೊಟ್ಟರೆ ಆಪ್ ಕೊಟ್ಟ ಉತ್ತರ 1 ಪ್ಲಸ್ 1.732 ಐ! ಅದು ತಪ್ಪು ಅಂತಲ್ಲ, ಘನ ಮಾಡಿದರೆ -8 ಬಂದೇ ಬರುತ್ತದೆ. ಆದರೆ ಈ 'ಐ', ಅಂದರೆ -1ರ ವರ್ಗಮೂಲ, ಮಕ್ಕಳಿಗೆ ಸಿಗುವುದು ಫಸ್ಟ್ ಪಿಯುಸಿಯಲ್ಲಿ. "ಟೀಚರ್, ಐ ಎಂತದ್ದು?" ಅಂತ ಶುರುವಾದ ಪ್ರಶ್ನೆ ಮನೆಗೆ ಹೋಗುವವರೆಗೂ ನಿಲ್ಲಲಿಲ್ಲ.

ಆವತ್ತು ಅನ್‌ಇನ್‌ಸ್ಟಾಲ್ ಮಾಡುವಷ್ಟು ಸಿಟ್ಟು ಬಂದಿತ್ತು. ಆಮೇಲೆ ಸೆಟ್ಟಿಂಗ್ಸ್‌ನ ತೀರಾ ಒಳಗೆ ಎರಡು ಬಟನ್ ಸಿಕ್ಕಿತು. ವಾಸ್ತವ ಸಂಖ್ಯೆ (ಐ ಇಲ್ಲದ್ದು) ಮಾತ್ರ ಅನ್ನುವುದನ್ನು ಆನ್ ಮಾಡಿದೆ, ಚರಾಕ್ಷರ (ಎಕ್ಸ್‌ನಂಥ ಅಕ್ಷರ) ಧನ, ಅಂದರೆ ಪ್ಲಸ್, ಅಂತ ಭಾವಿಸು ಅನ್ನುವುದನ್ನು ಆಫ್ ಮಾಡಿದೆ. ಈಗ -2 ಬರುತ್ತದೆ, ಮಾಡ್ಯುಲಸ್ಸೂ ಬರುತ್ತದೆ. ಎಕ್ಸ್ ಪವರ್ 4ಕ್ಕೆ ಪವರ್ 1/2 ಕೊಟ್ಟರೆ ಮಾಡ್ಯುಲಸ್ ಇಲ್ಲದೆ ಎಕ್ಸ್ ಸ್ಕ್ವೇರ್ ಅಂತಲೇ ಬರೆಯುವಷ್ಟು ಬುದ್ಧಿಯೂ ಉಂಟು. ಇಷ್ಟು ಗೊತ್ತಿದ್ದೂ ಆ ಬಟನ್ ಅಡಗಿಸಿಟ್ಟದ್ದು ಯಾಕೋ. ಅಪ್‌ಡೇಟ್ ಆದಾಗಲೆಲ್ಲ ಎರಡೂ ಮತ್ತೆ ಮೊದಲಿನ ಹಾಗೇ ಆಗುತ್ತವೆ, ನೋಡಿಕೊಳ್ಳಬೇಕು.

ಟ್ಯೂಷನ್ ಫೀಸಿನಲ್ಲಿ ನನಗೆ ಗಿಟ್ಟುತ್ತದೆ. ಒಂದೇ ಮಗುವಿಗಾದರೆ ಉಚಿತ ಆವೃತ್ತಿ ಸಾಕು, ಅದರಲ್ಲಿ ಉತ್ತರ ಸಿಗುತ್ತದೆ, ಹಂತ ಸಿಗುವುದಿಲ್ಲ ಅಷ್ಟೆ. ಏಪ್ರಿಲ್, ಮೇ ರಜೆಯಲ್ಲಿ ನಾನು ದುಡ್ಡು ಕಟ್ಟುವುದಿಲ್ಲ. 5ರಲ್ಲಿ 3 ಸ್ಟಾರ್.